ಮನೆ ಸರ್ವರ್: ಬೀದಿಗೆ ಒಂದೇ ಬಾಗಿಲು

ಮನೆಯವರ ಫೋಟೊ, ಕಾಗದಪತ್ರ, ಫೋನ್ ನಂಬರುಗಳನ್ನು ಸ್ವಂತ ಯಂತ್ರದಲ್ಲಿ ಇಟ್ಟುಕೊಳ್ಳಲು 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಆದರೆ ಸದಾ ಪೂರ್ತಿ ಚಾರ್ಜಿನಲ್ಲಿ ಕೂತ ಬ್ಯಾಟರಿ ಕಾಲಕ್ರಮೇಣ ಉಬ್ಬಬಹುದು. ಬಯೋಸ್‌ನಲ್ಲಿ ಚಾರ್ಜ್ ಮಿತಿ ಇದ್ದರೆ ಶೇ. 80ಕ್ಕೆ ಇಳಿಸಿ, ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಯಂತ್ರ ನಿಲ್ಲಿಸಿ ಬ್ಯಾಟರಿ ತೆಗೆಸಿಬಿಡಿ. ರಾಸ್ಪ್‌ಬೆರಿ ಪೈ ಕೂಡ ಆಗುತ್ತದೆ, ಎಸ್‌ಡಿ ಕಾರ್ಡಿನಿಂದ ಮಾತ್ರ ಓಡಿಸಬೇಡಿ: ಡೇಟಾಬೇಸ್ ಬಿಡುವಿಲ್ಲದೆ ಚೂರುಚೂರು ಬರೆಯುತ್ತಿದ್ದರೆ ಕಾರ್ಡ್ ಬೇಗ ಸವೆಯುತ್ತದೆ.

ಡೆಬಿಯನ್ ಲಿನಕ್ಸ್ ಹಾಕುವಾಗ ಡೆಸ್ಕ್‌ಟಾಪಿನ ಗುರುತು ತೆಗೆದು, ಬೇರೆ ಯಂತ್ರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಆಯ್ದುಕೊಳ್ಳಿ. ಲ್ಯಾಪ್‌ಟಾಪ್ ಮುಚ್ಚಿದೊಡನೆ ನಿದ್ದೆಗೆ ಜಾರದಿರಲು ಲಾಗಿನ್‌ಡಿ ಸೆಟ್ಟಿಂಗ್ ಫೈಲಿನಲ್ಲಿ ‘ಹ್ಯಾಂಡಲ್ ಲಿಡ್ ಸ್ವಿಚ್’ ಸಾಲಿಗೆ ‘ಇಗ್ನೋರ್’ ಎಂದು ಕೊಡಬೇಕು. ಎಸ್‌ಎಸ್‌ಎಚ್‌ಗೆ ಕೀ ಜೋಡಿ ಮಾಡಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಹೊಸ ಕೀ ಒಳಗೆ ಬಿಡುತ್ತದೋ ಇಲ್ಲವೋ ಎಂದು ಇನ್ನೊಂದು ಟರ್ಮಿನಲ್‌ನಿಂದ ನೋಡುವವರೆಗೆ ಈಗಾಗಲೇ ತೆರೆದಿರುವ ಟರ್ಮಿನಲ್ಲನ್ನು ಮುಚ್ಚಬೇಡಿ.

ಇನ್ನು ರೂಟರ್. ಅದರ ಸೆಟ್ಟಿಂಗಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ. ಅದು ಆನ್ ಇದ್ದರೆ ಮನೆಯೊಳಗಿನ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ಹೊರಗಿನಿಂದ ದಾರಿ ಮಾಡಿಕೊಳ್ಳಬಹುದು. ಮನೆಯ ನೆಟ್‌ವರ್ಕ್ 192.168.0 ಅಥವಾ 192.168.1ರಲ್ಲಿ ಇದ್ದರೆ 192.168.47ರಂಥ ಅಪರೂಪದ ಸಂಖ್ಯೆಗೆ ಬದಲಿಸಿ. ಬದಲಿಸದಿದ್ದರೆ, ಅದೇ ಸಂಖ್ಯೆಯ ಇನ್ನೊಂದು ವೈಫೈಯಿಂದ ಮನೆಗೆ ಸಂಪರ್ಕಿಸಿದಾಗ ಫೋನ್ ಸರ್ವರನ್ನು ಅಲ್ಲಿಯೇ ಹುಡುಕುತ್ತದೆ. ಕಾರಣ ತಿಳಿಯದೆ ತಲೆ ಕೆರೆದುಕೊಳ್ಳುವ ತೊಂದರೆ ಇದು. ಸರ್ವರಿಗೆ 192.168.47.10 ಎಂಬ ವಿಳಾಸವನ್ನು ರೂಟರಿನಲ್ಲೇ ಕಾಯ್ದಿರಿಸಿ.

ಹೊರಗಿನಿಂದ ಬರಲು ವೈರ್‌ಗಾರ್ಡ್ ಎಂಬ ವಿಪಿಎನ್ (ಎನ್‌ಕ್ರಿಪ್ಟ್ ಆದ ಖಾಸಗಿ ಸುರಂಗ) ಒಂದೇ ದಾರಿ ಇರಲಿ: ಯುಡಿಪಿ ಪೋರ್ಟ್ 51820 ಮಾತ್ರ ಸರ್ವರಿಗೆ ಕಳಿಸಿ, ಎಸ್‌ಎಸ್‌ಎಚ್, ವೆಬ್‌ಗಳ 22, 80, 443 ಯಾವುದೂ ಬೇಡ. ಸರಿಯಾದ ಕೀ ಇಲ್ಲದೆ ಬಡಿದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಪೋರ್ಟ್ ಸ್ಕ್ಯಾನ್ ಮಾಡುವವರಿಗೆ ಅಲ್ಲೊಂದು ಬಾಗಿಲಿದೆ ಎಂಬುದೂ ಸುಲಭಕ್ಕೆ ತಿಳಿಯದು. ಪ್ರತಿ ಫೋನಿಗೂ ಬೇರೆ ಕೀ ಕೊಡಿ. ಒಂದು ಕಳೆದರೆ ಅದನ್ನಷ್ಟೇ ಅಳಿಸಬಹುದು. ಫೋನಿನ ‘ಅಲೌಡ್ ಐಪಿ’ಯಲ್ಲಿ ಮನೆಯ ನೆಟ್‌ವರ್ಕ್ ಮಾತ್ರ ಬರೆದರೆ ಉಳಿದ ಓಡಾಟ ಎಂದಿನ ದಾರಿಯಲ್ಲೇ ಹೋಗುತ್ತದೆ. ಎಲ್ಲವನ್ನೂ ಮನೆಯ ಮೂಲಕ ಹಾಯಿಸಿದರೆ ಹೊರಗಿನ ವೈಫೈಯವರಿಂದ ಮರೆ ಸಿಗುತ್ತದೆ, ಮನೆಗೆ ಇಂಟರ್ನೆಟ್ ಕೊಡುವವರಿಂದ ಸಿಗುವುದಿಲ್ಲ. ಸಂಪರ್ಕ ಆಗಿಯೂ ದೊಡ್ಡ ಪುಟಗಳು ಅರ್ಧಕ್ಕೇ ನಿಂತರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಮೇಲೆ ಅನುಮಾನವಿರಲಿ. 1420ರಿಂದ 1280ಕ್ಕೆ ಇಳಿಸಿ ನೋಡಿ.

ಏನು ಮಾಡಿದರೂ ಹೊರಗಿನಿಂದ ತಲುಪದಿದ್ದರೆ ರೂಟರಿನ ಹೊರಬದಿಯ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ನಿಮ್ಮ ವಿಳಾಸವನ್ನು ಹಲವು ಮನೆಗಳ ಜೊತೆ ಹಂಚಿದ್ದಾರೆ. ಪೋರ್ಟ್ ತೆರೆದು ಫಲವಿಲ್ಲ. ಹೊಸ ಬಗೆಯ ವಿಳಾಸವಾದ ಐಪಿವಿ6 ಇದ್ದರೆ ಅದರಲ್ಲಿ ಪ್ರಯತ್ನಿಸಿ, ಇಲ್ಲವೇ ಪೋರ್ಟ್ ತೆರೆಯದೆ ಸಾಧನಗಳನ್ನು ಜೋಡಿಸುವ ಟೇಲ್‌ಸ್ಕೇಲ್ ಸೇವೆ ಬಳಸಿ. ಟೇಲ್‌ಸ್ಕೇಲ್ ಕಂಪನಿಗೆ ನಿಮ್ಮ ಫೈಲುಗಳು ಕಾಣುವುದಿಲ್ಲ, ಆದರೆ ಯಾವ ಯಾವ ಸಾಧನಗಳು ನಿಮ್ಮವು ಎಂಬುದು ಗೊತ್ತಿರುತ್ತದೆ.

ಈಗ ಬಹಳ ಜನ ಎಡವುವ ಜಾಗ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿ ಎಲ್ಲ ಮುಚ್ಚಿದೆ ಎಂದು ನಂಬಿರುತ್ತೀರಿ, ಆದರೆ ಒಂದೊಂದು ಆ್ಯಪನ್ನೂ ಕಂಟೇನರ್ ಎಂಬ ಬೇರೆ ಬೇರೆ ಪೆಟ್ಟಿಗೆಯಲ್ಲಿ ಓಡಿಸುವ ಡಾಕರ್ ಅದರ ಮೂಲಕ ಹೋಗುವುದೇ ಇಲ್ಲ. ಕಂಟೇನರಿಗೆ ಪೋರ್ಟ್ ಕೊಟ್ಟಾಗ ಡಾಕರ್ ಲಿನಕ್ಸಿನ ಮೂಲ ಫೈರ್‌ವಾಲ್ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆಯುತ್ತದೆ, ಯುಎಫ್‌ಡಬ್ಲ್ಯೂ ನಿಯಮಗಳು ಆ ದಾರಿಯಲ್ಲಿ ಸಿಗುವುದೇ ಇಲ್ಲ. ಮನೆಯ ಟಿವಿ, ಅಗ್ಗದ ಕ್ಯಾಮೆರಾ, ನೆಂಟರ ಫೋನ್ ಎಲ್ಲಕ್ಕೂ ನಿಮ್ಮ ಫೋಟೊಗಳ ಲಾಗಿನ್ ಪುಟ ತೆರೆದಿರುತ್ತದೆ. ಪರಿಹಾರ: ಡಾಕರಿನ ಕಂಪೋಸ್ ಫೈಲಿನಲ್ಲಿ ಪೋರ್ಟ್ ಸಂಖ್ಯೆಗೆ ಮೊದಲು 127.0.0.1 (ಈ ಯಂತ್ರಕ್ಕೆ ಮಾತ್ರ ಎಂದರ್ಥ) ಸೇರಿಸಿ, ಬಂದ ಕೋರಿಕೆಗಳನ್ನು ಆ ಪೋರ್ಟಿಗೆ ದಾಟಿಸುವ ಕ್ಯಾಡಿ ವೆಬ್ ಸರ್ವರನ್ನು ಡಾಕರಿನ ಹೊರಗೆ ಕೂರಿಸಿ. ಆಗ ಫೈರ್‌ವಾಲ್ ಹೇಳಿದ್ದು ನಡೆಯುತ್ತದೆ.

ಎಚ್‌ಟಿಟಿಪಿಎಸ್‌ಗೆ ಸ್ವಂತ ಡೊಮೇನ್ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಪಡೆಯಬಹುದು. ಹೀಗೆ ಕೊಟ್ಟ ಪ್ರತಿಯೊಂದು ಪ್ರಮಾಣಪತ್ರದ ಹೆಸರೂ ಸಾರ್ವಜನಿಕ ಪಟ್ಟಿಗೆ ಸೇರುತ್ತದೆ. ‘ಫೋಟೊ’, ‘ಬ್ಯಾಂಕ್’ ಎಂದು ಒಂದೊಂದಕ್ಕೂ ಬೇರೆ ಪಡೆದರೆ ಮನೆಯಲ್ಲಿ ಏನೇನು ಓಡುತ್ತಿದೆ ಎಂದು ನೀವೇ ಸಾರಿದಂತೆ. ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ಮೂಲಕ ಪರಿಶೀಲಿಸುವ, ಡೊಮೇನಿನ ಎಲ್ಲ ಉಪಹೆಸರಿಗೂ ಸಲ್ಲುವ ವೈಲ್ಡ್‌ಕಾರ್ಡ್ ಪ್ರಮಾಣಪತ್ರ ಒಂದೇ ಪಡೆಯಿರಿ. ಅದಕ್ಕೆ ಪೋರ್ಟ್ ತೆರೆಯುವುದೂ ಬೇಕಿಲ್ಲ. ಡಿಎನ್‌ಎಸ್‌ನಲ್ಲಿ ಆ ಹೆಸರುಗಳು 192.168.47.10ರತ್ತ ತೋರಿಸಲಿ. ಖಾಸಗಿ ವಿಳಾಸ ಕೊಡುವ ಡಿಎನ್‌ಎಸ್ ಉತ್ತರವನ್ನು ಕೆಲವು ರೂಟರುಗಳು ತಡೆಯುತ್ತವೆ. ಅಂಥದ್ದರಲ್ಲಿ ‘ಡಿಎನ್‌ಎಸ್ ರಿಬೈಂಡ್’ ರಕ್ಷಣೆಯಿಂದ ನಿಮ್ಮ ಡೊಮೇನಿಗೆ ವಿನಾಯಿತಿ ಕೊಡಬೇಕು.

ಕಳ್ಳ ಬಂದರೆ ಯಂತ್ರವನ್ನೇ ಹೊತ್ತೊಯ್ಯುತ್ತಾನೆ. ಡೇಟಾ ಡಿಸ್ಕನ್ನು ಲಿನಕ್ಸಿನ ಲಕ್ಸ್‌ನಿಂದ ಎನ್‌ಕ್ರಿಪ್ಟ್ ಮಾಡಿ, ರ‍್ಯಾಮ್ ಸಾಲದಾದಾಗ ಬಳಕೆಯಾಗುವ ಡಿಸ್ಕಿನ ಭಾಗವಾದ ಸ್ವಾಪನ್ನೂ ಬಿಡಬೇಡಿ. ಸಿಸ್ಟಮ್ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡದೆ ಬಿಟ್ಟರೆ ಸರ್ವರ್ ಮತ್ತೆ ಶುರುವಾದಾಗ ಪಾಸ್‌ವರ್ಡಿಗೆ ಕಾಯದೆ ಏಳುತ್ತದೆ, ನೀವು ದೂರದಿಂದ ಒಳಹೊಕ್ಕು ಡೇಟಾ ಡಿಸ್ಕ್ ಬಿಚ್ಚಬಹುದು. ಇಲ್ಲೊಂದು ಗುಂಡಿ ಇದೆ: ಡಿಸ್ಕ್ ಬಿಚ್ಚುವ ಮೊದಲೇ ಕಂಟೇನರ್ ಎದ್ದರೆ ಖಾಲಿ ಫೋಲ್ಡರಿನಲ್ಲಿ ಬರೆಯತೊಡಗುತ್ತದೆ. ಫೋಟೊಗಳೆಲ್ಲ ಮಾಯವಾದಂತೆ ಕಾಣುತ್ತದೆ, ಸಿಸ್ಟಮ್ ಡಿಸ್ಕ್ ತುಂಬಿಕೊಳ್ಳುತ್ತದೆ. ಕಂಟೇನರುಗಳ ರೀಸ್ಟಾರ್ಟ್ ‘ನೋ’ ಎಂದಿಡಿ. ಡಿಸ್ಕ್ ಬಿಚ್ಚು, ಅದನ್ನು ಫೋಲ್ಡರಿಗೆ ಜೋಡಿಸು (ಮೌಂಟ್), ಕಂಟೇನರ್ ಎಬ್ಬಿಸು ಎಂಬ ಮೂರು ಸಾಲಿನ ಸ್ಕ್ರಿಪ್ಟ್ ಬರೆದು, ಒಂದು ಸಾಲು ಸೋತರೆ ಮುಂದಿನದು ಓಡದಂತೆ ಮಾಡಿ.

ಎರಡು ಡಿಸ್ಕಿನಲ್ಲಿ ಒಂದೇ ಡೇಟಾ ಇಡುವ ರೇಡ್ ಬ್ಯಾಕಪ್ ಅಲ್ಲ. ತಪ್ಪಾಗಿ ಅಳಿಸಿದ ಫೈಲನ್ನು ಅದು ಎರಡೂ ಡಿಸ್ಕಿನಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶದಿಂದ ದಿನಕ್ಕೊಮ್ಮೆ ಬೇರೆ ಡಿಸ್ಕಿಗೆ ಒಂದು ಪ್ರತಿ, ಬೇರೆ ಕಟ್ಟಡದಲ್ಲಿರುವ ಯಂತ್ರಕ್ಕೆ ಇನ್ನೊಂದು. ಡೇಟಾಬೇಸಿನ ಫೋಲ್ಡರನ್ನು ಓಡುತ್ತಿರುವಾಗಲೇ ನಕಲು ಮಾಡಿದರೆ ಅರ್ಧ ಹಳತು ಅರ್ಧ ಹೊಸತಾಗಿ ತೆರೆಯದೆ ಹೋಗಬಹುದು. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ ಮೊದಲು ಅದರ ಪಿಜಿ ಡಂಪ್‌ನಿಂದ ಪೂರ್ತಿ ಪ್ರತಿಯೊಂದನ್ನು ಫೈಲಾಗಿ ತೆಗೆದು ಆ ಫೈಲನ್ನು ಬ್ಯಾಕಪ್‌ಗೆ ಸೇರಿಸಿ. ರೆಸ್ಟಿಕ್ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತದೆ, ಪಾಸ್‌ವರ್ಡ್ ಕಳೆದರೆ ತೆರೆಯಲು ಬೇರೆ ಉಪಾಯವಿಲ್ಲ. ಅದನ್ನು ಕಾಗದದಲ್ಲಿ ಬರೆದು ಸರ್ವರಿನಿಂದ ದೂರ ಇಡಿ. ಲಕ್ಸ್ ಪಾಸ್‌ವರ್ಡೂ ಅದೇ ಕಾಗದದಲ್ಲಿರಲಿ.

ಮೂರು ತಿಂಗಳಿಗೊಮ್ಮೆ ಆ ಕಾಗದವನ್ನಷ್ಟೇ ಹಿಡಿದು ಬೇರೆ ಕಂಪ್ಯೂಟರಿನ ಮುಂದೆ ಕೂತು ಹತ್ತು ಫೋಟೊ, ಒಂದು ಡೇಟಾಬೇಸ್ ಡಂಪ್ ಹಿಂದಕ್ಕೆ ತನ್ನಿ. ಫೋಟೊ ತೆರೆದು ನೋಡಿ, ಡಂಪನ್ನು ಖಾಲಿ ಪೋಸ್ಟ್‌ಗ್ರೆಸ್‌ಗೆ ಹಾಕಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಕಾಗದದಲ್ಲಿ ಏನು ಬರೆಯುವುದು ಬಿಟ್ಟುಹೋಗಿತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ, ಆಗಲೇ ಸೇರಿಸಿಬಿಡಿ.