ಯೂರೋವಿಷನ್ ಹಾಡಿಗೆ ಅಂಕ ಕೊಡುವ ಬಗೆ

ಯೂರೋವಿಷನ್ ಎಂದರೆ ಮುಖ್ಯವಾಗಿ ಯುರೋಪಿನ ದೇಶಗಳು ತಲಾ ಒಂದು ಹಾಡಿನೊಂದಿಗೆ ಪೈಪೋಟಿ ನಡೆಸುವ ವಾರ್ಷಿಕ ಟಿವಿ ಸ್ಪರ್ಧೆ. ಅಲ್ಲಿನ ಹಾಡನ್ನು ಮೊದಲ ಸಲ ಕಣ್ಮುಚ್ಚಿ ಕೇಳಿ. ಸರಸ್ವತೀಪುರಂನ ನಮ್ಮ ಮನೆಯಲ್ಲಿ ವೀಣೆ ಕಲಿಯಲು ಬರುವ ಮಕ್ಕಳಿಗೂ ನಾನು ಹೇಳುವುದು ಇದನ್ನೇ. ಬೆಳಕು, ಹೊಗೆ, ಬಟ್ಟೆ ಎಲ್ಲ ಎರಡನೇ ಸಲಕ್ಕಿರಲಿ.

ಹಾಡು ಮೂರು ನಿಮಿಷ ಮೀರುವಂತಿಲ್ಲ, ವೇದಿಕೆ ಮೇಲೆ ಆರಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ವಾದ್ಯಗಳೆಲ್ಲ ಮೊದಲೇ ರೆಕಾರ್ಡ್ ಮಾಡಿದ್ದು. ಮುಖ್ಯ ಗಾಯಕರು ಮಾತ್ರ ಅಲ್ಲೇ ಹಾಡಲೇಬೇಕು. ಹಾಗಾಗಿ ನನ್ನ ಅರ್ಧ ಅಂಕ ದನಿಗೇ. ತಾರಸ್ಥಾಯಿಗೆ ಏರಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನೀವು ಇಳಿಯುವಾಗ ಕಿವಿಗೊಡಿ. ಉಸಿರು ಸಾಲದೆ ಸಾಲಿನ ಕೊನೆಯ ಅಕ್ಷರ ನುಂಗಿದರೆ, ಶ್ರುತಿ ಕೂದಲೆಳೆಯಷ್ಟು ಜಾರಿದರೆ, ಅಲ್ಲಿ ಗೊತ್ತಾಗುತ್ತದೆ.

ಭಾಷೆ ತಿಳಿಯದೆಂದು ಅಂಕ ಕಳೆಯಬೇಡಿ. 2017ರಲ್ಲಿ ಪೋರ್ಚುಗಲ್‌ನ ಸಾಲ್ವಡೋರ್ ಸೊಬ್ರಾಲ್ ತಮ್ಮ ಭಾಷೆಯಲ್ಲೇ, ಕುಣಿತವಿಲ್ಲದೆ ಹಾಡಿ ಗೆದ್ದರು. ಒಂದು ಪದವೂ ಅರ್ಥವಾಗದಿದ್ದರೂ ನನಗೆ ಕಣ್ಣು ತುಂಬಿ ಬಂತು.

ತೀರ್ಪುಗಾರರಂತೆ ನಿಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಹಾಡಿಗೆ 12, ಅದರ ನಂತರದ್ದಕ್ಕೆ 10, ಆಮೇಲೆ 8ರಿಂದ 1ರವರೆಗೆ ಹಂಚಿ. ಸಾಮಾನ್ಯವಾಗಿ ಫೈನಲ್ ನಮ್ಮಲ್ಲಿ ಶನಿವಾರ ಮಧ್ಯರಾತ್ರಿ ಕಳೆದು 12.30ಕ್ಕೆ ಶುರು. ಫ್ಲಾಸ್ಕಿನಲ್ಲಿ ಕಾಫಿ, ಪಕ್ಕದಲ್ಲಿ ನೋಟ್‌ಬುಕ್ಕು ಇಟ್ಟುಕೊಳ್ಳಿ; ಹಾಡು ಮುಗಿದ ಕೂಡಲೇ ಬರೆಯಿರಿ, ಮುಂದಿನದು ಶುರುವಾದರೆ ಹಿಂದಿನದು ಮಾಸಿಹೋಗುತ್ತದೆ.