ಡೋಸು ಕಡಿಮೆ ಮಾಡಬೇಡಿ, ಬೆಲೆ ಕಡಿಮೆ ಮಾಡಿ: ಮೈಯನ್ನೂ ಜೇಬನ್ನೂ ಕಾಯಲು ಒಬ್ಬ ಔಷಧಿ ಅಂಗಡಿಯವನ ಸಲಹೆ

ತಿಪಟೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಡಿ.ಫಾರ್ಮಾ ಮುಗಿಸಿ ಕೌಂಟರಿಗೆ ನಿಂತವನು ಇವತ್ತಿಗೂ ಅಲ್ಲೇ ಇದ್ದೇನೆ. ಡಾಕ್ಟರಿಗೆ ನಿಮ್ಮ ನಾಡಿ ಕಾಣುತ್ತದೆ, ಬ್ಯಾಂಕಿನವರಿಗೆ ಪಾಸ್‌ಬುಕ್ ಕಾಣುತ್ತದೆ. ನನಗೆ ಎರಡೂ ಒಟ್ಟಿಗೇ ಕಾಣುತ್ತವೆ. ಚೀಟಿ ಮುಂದಿಟ್ಟು, ಜೇಬು ಮುಟ್ಟಿ ನೋಡಿಕೊಂಡು, "ಒಂದು ತಿಂಗಳದ್ದು ಬೇಡ, ಹತ್ತು ದಿನದ್ದು ಕೊಡಪ್ಪ ಸಾಕು" ಅನ್ನುತ್ತಾರಲ್ಲ, ಆಗ.

ನಮ್ಮ ಕಡೆ ದುಡ್ಡು ತಿಂಗಳು ತಿಂಗಳು ಬರುವುದಲ್ಲ. ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಕೂತು ಉಂಡೆ ಕೊಬ್ಬರಿಯಾಗಬೇಕು, ಎ.ಪಿ.ಎಂ.ಸಿ.ಯಲ್ಲಿ ರೇಟು ಕುದುರಬೇಕು. ಬಿ.ಪಿ. ಅಷ್ಟು ದಿನ ಕಾಯುವುದಿಲ್ಲ. ಕೈ ಬಿಗಿಯಾದಾಗ ಮನೆಯಲ್ಲಿ ಮೊದಲು ನಿಲ್ಲುವುದು ಮಾತ್ರೆ. ಟಿ.ವಿ. ರೀಚಾರ್ಜ್ ನಿಲ್ಲುವುದಿಲ್ಲ, ಮದುವೆ ಮುಯ್ಯಿ ನಿಲ್ಲುವುದಿಲ್ಲ. ಮಾತ್ರೆ ನಿಲ್ಲಿಸಿ ಉಳಿಸಿದ್ದು ಉಳಿತಾಯವಲ್ಲ, ಕಿಡ್ನಿಯಿಂದಲೋ ಮೆದುಳಿನಿಂದಲೋ ತೆಗೆದ ಕೈಸಾಲ. ಉಳಿಸುವುದಕ್ಕೆ ಬೇರೆ ಜಾಗಗಳಿವೆ. ಅವು ಎಲ್ಲಿವೆ ಅಂತ ಹೇಳುತ್ತೇನೆ.

ಮೊದಲು ಸರಿಯಾಗಿ ಅಳೆಯಿರಿ

ಮನೆಗೊಂದು ಬಿ.ಪಿ. ಮೆಷಿನ್ ಇರಲಿ. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿಗೆ ಪಟ್ಟಿ ಸುತ್ತುವುದನ್ನೇ ಕೊಳ್ಳಿ. ತೋಳು ದಪ್ಪವಿದ್ದವರು ದೊಡ್ಡ ಪಟ್ಟಿ ಕೇಳಿ ಪಡೆಯಿರಿ. ಪಟ್ಟಿ ಚಿಕ್ಕದಾದರೆ ಇಲ್ಲದ ಬಿ.ಪಿ.ಯನ್ನೂ ಅದು ತೋರಿಸುತ್ತದೆ.

ಅಂಗಡಿಗೆ ಬಂದು "ಒಂದ್ ಸಲ ಚೆಕ್ ಮಾಡು" ಅನ್ನುವವರು ಬಿಸಿಲಲ್ಲಿ ನಡೆದು ಬಂದಿರುತ್ತಾರೆ, ಕಾಫಿ ಕುಡಿದಿರುತ್ತಾರೆ, ಬೀಡಿ ಆಗಷ್ಟೇ ಎಸೆದಿರುತ್ತಾರೆ, ಅಳೆಯುವಾಗ ಪಕ್ಕದವರ ಜೊತೆ ಮಾತು ಬೇರೆ. ಆ ನಂಬರು ನಂಬಿ ಮಾತ್ರೆ ಹೆಚ್ಚು ಕಡಿಮೆ ಮಾಡಿಕೊಳ್ಳಬಾರದು. ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಟೀ, ಬೀಡಿ ಏನೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಕುರ್ಚಿಗೆ ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂರಿ. ಕಾಲ ಮೇಲೆ ಕಾಲು ಹಾಕಬೇಡಿ. ಅಂಗಿ ತೋಳಿನ ಮೇಲೆ ಪಟ್ಟಿ ಸುತ್ತಬೇಡಿ, ಬರಿ ಚರ್ಮದ ಮೇಲೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಕಟ್ಟಿ. ಕೈಯನ್ನು ಟೇಬಲ್ ಮೇಲೆ ಎದೆಯ ಮಟ್ಟಕ್ಕೆ ಇಡಿ. ಬಾಯಿ ಮುಚ್ಚಿರಲಿ. ಒಂದು ಸಲ ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ, ಎರಡನ್ನೂ ಬರೆದಿಡಿ.

ಡಾಕ್ಟರ ಹತ್ತಿರ ಹೋಗುವ ಮುಂಚಿನ ಒಂದು ವಾರ ಬೆಳಿಗ್ಗೆ ಮಾತ್ರೆ ನುಂಗುವ ಮೊದಲು, ಮತ್ತೆ ರಾತ್ರಿ, ಹೀಗೆ ಬರೆದರೆ ಸಾಕು. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ನೋಡಿ. ಮನೆಯಲ್ಲಿ ಅಳೆದದ್ದು 135/85 ಅಥವಾ ಅದಕ್ಕೂ ಮೇಲಿದ್ದರೆ ಅದು ಹೆಚ್ಚು ಅಂತಲೇ ಲೆಕ್ಕ. ಆಸ್ಪತ್ರೆಯಲ್ಲಿ ಅಳೆದದ್ದಕ್ಕೆ 140/90 ಗಡಿ. ಮೇಲಿನದು 180 ಅಥವಾ ಕೆಳಗಿನದು 120 ದಾಟಿ, ಜೊತೆಗೆ ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಏನಾದರೂ ಇದ್ದರೆ ನನ್ನ ಅಂಗಡಿಗೆ ಬರಬೇಡಿ, 108ಕ್ಕೆ ಫೋನ್ ಮಾಡಿ. ಮಾತು ತೊದಲಿ ಬಾಯಿ ಸೊಟ್ಟಗಾದರೆ ಬಿ.ಪಿ. ಎಷ್ಟಿದ್ದರೂ ಕಾಯಬಾರದು. ಪಾರ್ಶ್ವವಾಯುವಿನಲ್ಲಿ ರಕ್ತದ ಗಂಟು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ. ಎಣ್ಣೆ ನೀವಿಸಿ ನೋಡೋಣ ಅಂತ ಕೂತರೆ ಆ ಗಡುವು ಮುಗಿದೇ ಹೋಗುತ್ತದೆ.

ಶುಗರ್ ಮೀಟರ್ ಬಗ್ಗೆ ಒಂದೇ ವ್ಯಾಪಾರದ ಗುಟ್ಟು. ಮೀಟರ್ ಅಗ್ಗ, ಸ್ಟ್ರಿಪ್ ದುಬಾರಿ. ಕೊಳ್ಳುವ ಮುಂಚೆ ಸ್ಟ್ರಿಪ್ ಬೆಲೆ ಕೇಳಿ. ಬೆರಳು ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ, ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿಕೊಂಡು ಗಾಬರಿಯಾಗಿ ಬಂದವರಿದ್ದಾರೆ. ಖಾಲಿ ಹೊಟ್ಟೆಯಲ್ಲಿ 100ರೊಳಗಿದ್ದರೆ ಸರಿ, 126 ಮತ್ತು ಮೇಲಾದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಆದರೆ ಅದನ್ನು ಲ್ಯಾಬಿನಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ಮೂರು ತಿಂಗಳ ಒಟ್ಟು ಹಣೆಬರಹ ತಿಳಿಯಲು ಎಚ್‌ಬಿಎ1ಸಿ ಪರೀಕ್ಷೆ ಇದೆ. ಟೆಸ್ಟಿನ ಹಿಂದಿನ ಎರಡು ದಿನ ಪಥ್ಯ ಮಾಡಿ ಡಾಕ್ಟರಿಗೆ ಟೋಪಿ ಹಾಕುವವರ ಆಟ ಅದರ ಮುಂದೆ ನಡೆಯುವುದಿಲ್ಲ.

ಮಾತ್ರೆ ಪಟ್ಟಿಯನ್ನು ತಿರುಗಿಸಿ ಓದಿ

ಇಲ್ಲಿಂದ ನಾನು ಹೇಳುವುದು ನನ್ನ ವ್ಯಾಪಾರಕ್ಕೇ ಪೆಟ್ಟು. ಆದರೂ ಹೇಳುತ್ತೇನೆ.

ಮಾತ್ರೆಯ ಪಟ್ಟಿ, ಅಂದರೆ ಸ್ಟ್ರಿಪ್ ಮೇಲೆ ಕಂಪನಿಯ ಹೆಸರಿನ ಜೊತೆಗೆ ಔಷಧದ ಹೆಸರೂ ಇರುತ್ತದೆ: ಟೆಲ್ಮಿಸಾರ್ಟನ್ 40, ಅಮ್ಲೊಡಿಪಿನ್ 5, ಮೆಟ್‌ಫಾರ್ಮಿನ್ 500, ಅಟೊರ್ವಾಸ್ಟಾಟಿನ್ 10. ನಾವು ಅದನ್ನು ಸಾಲ್ಟ್ ಅನ್ನುತ್ತೇವೆ. ಕೆಲಸ ಮಾಡುವುದು ಅದು. ಅದೇ ಸಾಲ್ಟ್, ಅದೇ ಎಂ.ಜಿ., ಬೇರೆ ಬೇರೆ ಕಂಪನಿಯಲ್ಲಿ ಬೇರೆ ಬೇರೆ ಬೆಲೆ. ಜನೌಷಧಿ ಕೇಂದ್ರದಲ್ಲಿ ಎಷ್ಟೋ ಸಲ ಅರ್ಧಕ್ಕಿಂತಲೂ ಕಡಿಮೆ. ಮೂರು ನಾಲ್ಕು ಥರದ ಮಾತ್ರೆ ಜೀವನಪರ್ಯಂತ ನುಂಗುವ ಮನೆಯಲ್ಲಿ ಉಳಿಯುವ ಹಣವೆಂದರೆ ಇದು, ನುಂಗದೇ ಬಿಟ್ಟ ಮಾತ್ರೆಯದ್ದಲ್ಲ.

ಡಾಕ್ಟರನ್ನೇ ಕೇಳಿ: "ಸಾರ್, ಇದೇ ಸಾಲ್ಟಿನ ಜನೌಷಧಿ ತಗೋಬಹುದಾ?" ಹೆಚ್ಚಿನವರು ಹೂಂ ಅನ್ನುತ್ತಾರೆ. ಬದಲಾಯಿಸುವಾಗ ಮೂರು ವಿಷಯ ಹುಷಾರು. ಹೆಸರಿನ ಕೊನೆಯಲ್ಲಿ ಎ.ಎಂ. ಅಂತಲೋ ಎಚ್ ಅಂತಲೋ ಬಾಲವಿದ್ದರೆ ಅದರಲ್ಲಿ ಎರಡನೇ ಔಷಧ ಸೇರಿದೆ, ಬಾಲ ಬಿಟ್ಟು ಬರಿ ಹೆಸರು ಹೇಳಿ ಕೊಂಡರೆ ಅರ್ಧ ಚಿಕಿತ್ಸೆ ತಪ್ಪಿತು. ಎಸ್.ಆರ್., ಎಕ್ಸ್.ಆರ್. ಅಂತಿದ್ದರೆ ಅದು ನಿಧಾನ ಬಿಡುವ ಮಾತ್ರೆ, ಅದಕ್ಕೆ ಅಂಥದ್ದೇ ಬೇಕು, ಅದನ್ನು ಪುಡಿ ಮಾಡಿ ನುಂಗಬಾರದು. ಇನ್ನು ಥೈರಾಯ್ಡ್, ಮೂರ್ಛೆ ರೋಗ, ರಕ್ತ ತೆಳುವಾಗಿಸುವ ವಾರ್‌ಫರಿನ್ ಇವುಗಳಲ್ಲಿ ಕಂಪನಿ ಬದಲಿಸಬೇಕೆಂದರೆ ಡಾಕ್ಟರಿಗೆ ಹೇಳಿಯೇ ಬದಲಿಸಿ, ಸಿಕ್ಕಿದ್ದನ್ನು ತಿಂಗಳಿಗೊಂದರಂತೆ ತಗೊಳ್ಳಬೇಡಿ.

ಕೊಬ್ಬರಿ ದುಡ್ಡು ಬಂದ ದಿನವೇ ಮಾತ್ರೆಯ ದುಡ್ಡು ಬೇರೆ ಮಾಡಿ. ತಿಂಗಳಿಗೆ 600 ರೂಪಾಯಿ ಮಾತ್ರೆಯಾದರೆ ವರ್ಷಕ್ಕೆ 7,200. ಅದನ್ನು ಎ.ಟಿ.ಎಂ. ಕಾರ್ಡ್ ಇಲ್ಲದ ಇನ್ನೊಂದು ಖಾತೆಯಲ್ಲಿ ಹಾಕಿಬಿಡಿ. ಕೈಗೆ ಸುಲಭವಾಗಿ ಸಿಗಬಾರದು, ಅಷ್ಟೇ. ವರ್ಷದ ಮಾತ್ರೆಯನ್ನೇ ಒಟ್ಟಿಗೆ ತಂದಿಡುವುದು ಬೇಡ. ನಡುವೆ ಡೋಸು ಬದಲಾಗುತ್ತದೆ, ಡೇಟು ಮುಗಿಯುತ್ತದೆ.

ಮಂಡಿನೋವಿಗೆ ಅಂತ ನನ್ನ ಹತ್ತಿರ ಬಂದು "ಆ ಹಳದಿ ಮಾತ್ರೆ ಕೊಡು" ಅನ್ನುವ ಹಿರಿಯರಿಗೆ ನಾನು ಕೊಡುವುದಿಲ್ಲ, ಅದಕ್ಕೆ ಬೈಸಿಕೊಳ್ಳುತ್ತೇನೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯವು ಬಿ.ಪಿ. ಏರಿಸುತ್ತವೆ, ಕಿಡ್ನಿಗೆ ಏಟು ಕೊಡುತ್ತವೆ. ಬಿ.ಪಿ., ಶುಗರ್ ಇದ್ದವರು ಇವನ್ನು ಚೀಟಿಯಿಲ್ಲದೆ ತಿಂಗಳಾನುಗಟ್ಟಲೆ ನುಂಗಿದರೆ ಒಂದು ಕಡೆ ಮಾತ್ರೆ ನುಂಗಿ ಇಳಿಸಿದ್ದನ್ನು ಇನ್ನೊಂದು ಮಾತ್ರೆ ಏರಿಸಿಡುತ್ತದೆ.

ಮೈ ಬಗ್ಗಿಸುವುದು

"ನಾವು ತೋಟದವರು, ನಮಗೆಂಥ ವಾಕಿಂಗ್" ಅನ್ನುವ ಕಾಲ ಹೋಯಿತು. ತೋಟಕ್ಕೆ ಬೈಕು, ನೀರಿಗೆ ಡ್ರಿಪ್, ಮೋಟಾರ್ ಆನ್ ಮಾಡುವುದು ಮೊಬೈಲಿನಲ್ಲಿ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ. ವೇಗ ಎಷ್ಟಿರಬೇಕು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಶುಗರ್ ಇದ್ದವರು ಊಟವಾಗಿ ಹತ್ತು-ಹದಿನೈದು ನಿಮಿಷ ಅಂಗಳದಲ್ಲೇ ಸುತ್ತಾಡಿದರೂ ಊಟದ ನಂತರದ ಏರಿಕೆ ತಗ್ಗುತ್ತದೆ. ಬರಿಗಾಲಲ್ಲಿ ಮಾತ್ರ ಬೇಡ. ಪಾದದ ಅರಿವು ಕಡಿಮೆಯಾಗಿದ್ದರೆ ಮುಳ್ಳು ಚುಚ್ಚಿದ್ದು ಕೀವಾದ ಮೇಲೆಯೇ ಗೊತ್ತಾಗುವುದು. ರಾತ್ರಿ ಮಲಗುವಾಗ ಅಂಗಾಲು ನೋಡಿಕೊಳ್ಳಿ.

ನಡಿಗೆಯಷ್ಟೇ ಸಾಲದು, ತೊಡೆಗೆ ಬಲ ಬೇಕು. ವಾರಕ್ಕೆ ಎರಡು ದಿನವಾದರೂ ಬಸ್ಕಿ ಹೊಡೆಯಿರಿ. ಆಗದವರು ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ, ಉಸಿರು ಬಿಗಿಹಿಡಿಯದೆ. ಜಿಮ್ಮಿಗೆ ವರ್ಷದ ಫೀಸು ಒಟ್ಟಿಗೆ ಕಟ್ಟುವ ಮೊದಲು ಒಂದು ತಿಂಗಳದ್ದು ಕಟ್ಟಿ ನೋಡಿ.

ಅಡುಗೆಮನೆಯ ಬಗ್ಗೆ ಉದ್ದಕ್ಕೆ ಹೇಳಲಾರೆ, ಮನೆಯವರು ನನ್ನನ್ನೇ ಕೇಳುತ್ತಾರೆ. ಎಣ್ಣೆಯನ್ನು ತಿಂಗಳಿಗೆ ಅಳೆದು ತನ್ನಿ: ತಲೆಗೆ ದಿನಕ್ಕೆ 20 ಗ್ರಾಂ ಹಿಡಿದರೆ ನಾಲ್ಕು ಜನಕ್ಕೆ ತಿಂಗಳಿಗೆ ಸುಮಾರು ಎರಡೂವರೆ ಕೆ.ಜಿ. ಕೊಬ್ಬರಿ ಊರಲ್ಲಿ ಕೂತು ಕಾಯಿ ಬಿಡಿ ಅನ್ನುವ ಧೈರ್ಯ ನನಗಿಲ್ಲ, ಆದರೆ ಕಾಯಿ ಚಟ್ನಿ ಮಾಡಿದ ದಿನ ಒಗ್ಗರಣೆ ಎಣ್ಣೆ ಕಡಿಮೆ ಮಾಡಿ. ಉಪ್ಪು ದಿನಕ್ಕೆ ತಲೆಗೆ 5 ಗ್ರಾಂ ಒಳಗೆ, ಅಂದರೆ ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಒಂದು ಟೀ ಚಮಚ. ರಾಗಿ ತಿಂದರೆ ಶುಗರ್ ಏರುವುದಿಲ್ಲ ಅನ್ನುವುದು ಸುಳ್ಳು. ಒಂದು ಹಿಡಿ ಮುದ್ದೆ, ಅದರ ಪಕ್ಕ ಹುರುಳಿ ಇಲ್ಲವೇ ಮೊಳಕೆಕಾಳು, ಸೊಪ್ಪು ಜಾಸ್ತಿ.

ವಿಮೆ: ಕಾಯಿಲೆ ಬರುವ ಮೊದಲು, ಸುಳ್ಳು ಹೇಳದೆ

ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಎ.ಪಿ.ಎಲ್. ಆದರೆ ಪ್ಯಾಕೇಜಿನ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪಡೆಯಬೇಕು. ನೇರವಾಗಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಓಡಿ ಆಮೇಲೆ ಕಾರ್ಡ್ ತೋರಿಸಿದರೆ ಕೆಲಸಕ್ಕೆ ಬರುವುದಿಲ್ಲ. ಹಾಲಿನ ಡೇರಿ ಅಥವಾ ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಯಾವಾಗ ಅಂತ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಿ. ಅದಕ್ಕೆ ಪ್ರತಿ ವರ್ಷ ಕೊನೇ ದಿನಾಂಕ ಇರುತ್ತದೆ.

ಖಾಸಗಿ ಪಾಲಿಸಿ ಕೊಳ್ಳುವವರಿಗೆ: ಈಗಾಗಲೇ ಇರುವ ಕಾಯಿಲೆಯ ಕ್ಲೇಮಿಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು ಅಂತ 2024ರ ಏಪ್ರಿಲ್‌ನಿಂದ ನಿಯಮ. ಅದಕ್ಕೂ ಮುಂಚೆ 48 ಇತ್ತು. ಹಾಗಾಗಿ ಅರ್ಜಿಯಲ್ಲಿ ಬಿ.ಪಿ. ಇದೆ ಅಂತ ಬರೆಯಿರಿ. ಏಜೆಂಟ್ "ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದರೆ ಕೇಳಬೇಡಿ. ಕ್ಲೇಮಿನ ದಿನ ಕಂಪನಿಯವರು ಬರುವುದು ಹಳೇ ಚೀಟಿ ಹುಡುಕಿಕೊಂಡೇ. ಕೊಂಡ ಮೇಲೆ 30 ದಿನ ಓದಿ ನೋಡಲು ಅವಕಾಶವಿದೆ, ಬೇಡವಾದರೆ ವಾಪಸ್ ಕೊಡಬಹುದು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ, ಬಿಲ್ಲಿನಲ್ಲಿ ಅದನ್ನೂ ಸೇರಿಸಿದ್ದಾರಾ ನೋಡಿ.

ಪಾಲಿಸಿಯಲ್ಲಿ ನಾನು ಮೊದಲು ಹುಡುಕುವುದು ರೂಮ್ ಬಾಡಿಗೆ ಮಿತಿ. ದಿನಕ್ಕೆ 3,000 ಮಿತಿ ಇದ್ದು ನೀವು 6,000ದ ರೂಮಿನಲ್ಲಿ ಮಲಗಿದರೆ ಕೈಯಿಂದ ಕೊಡಬೇಕಾದ್ದು ಬರಿ ಆ ಬಾಡಿಗೆ ವ್ಯತ್ಯಾಸವಲ್ಲ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು ಇಂಥವನ್ನೂ ಅದೇ ಅನುಪಾತದಲ್ಲಿ ಅರ್ಧಕ್ಕೆ ಇಳಿಸುತ್ತಾರೆ. ಔಷಧಿ, ಇಂಪ್ಲಾಂಟ್, ಟೆಸ್ಟುಗಳನ್ನು ಹಾಗೆ ಕತ್ತರಿಸುವಂತಿಲ್ಲ. ಬಿಲ್ಲು ಕೈಗೆ ಬಂದಾಗ ಇದನ್ನು ನೆನಪಿಟ್ಟು ಕೇಳಿ. ಪೂರಾ ತಿರಸ್ಕರಿಸಿದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ, ಆಗಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಖರ್ಚಿಲ್ಲ, ವಕೀಲರೂ ಬೇಡ.

ಇದ್ಯಾವುದೂ ಆಗುವುದಿಲ್ಲ ಅನ್ನುವವರು ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ ಎರಡನ್ನಾದರೂ ಮಾಡಿಸಿ. ಒಂದು ಸಾವಿಗೆ, ಒಂದು ಅಪಘಾತಕ್ಕೆ, ತಲಾ 2 ಲಕ್ಷ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಅದು ನವೀಕರಣ ಆಗುವುದಿಲ್ಲ.

ನಗದು ಎಲ್ಲಿರಬೇಕು

ವಿಮೆ ಇದ್ದರೂ ಅಡ್ವಾನ್ಸ್, ಆಂಬುಲೆನ್ಸ್, ಜೊತೆಗಿರುವವರ ಊಟಕ್ಕೆ ಕೈಯಲ್ಲಿ ದುಡ್ಡು ಬೇಕು. ಮೂರು ತಿಂಗಳ ಮನೆಖರ್ಚಿನಷ್ಟು ಬ್ಯಾಂಕಿನಲ್ಲೋ ಪೋಸ್ಟ್ ಆಫೀಸಿನಲ್ಲೋ ಇರಲಿ. ಬಡ್ಡಿ ಒಂದೆರಡು ಪರ್ಸೆಂಟ್ ಜಾಸ್ತಿ ಅಂತ ಪತ್ತಿನ ಸೊಸೈಟಿಯಲ್ಲಿ ಈ ಹಣ ಇಡಬೇಡಿ. ಬ್ಯಾಂಕು, ಸಹಕಾರಿ ಬ್ಯಾಂಕು ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸೊಸೈಟಿಗೆ ಅದಿಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಅಂತಿದೆಯಾ, ಸೊಸೈಟಿ ಅಂತಿದೆಯಾ, ಕತ್ತೆತ್ತಿ ಓದಿ. ಬೀದಿ ಚೀಟಿಯಲ್ಲೂ ಇದನ್ನು ಹಾಕಬೇಡಿ. ನೋಂದಣಿಯಾದ ಚಿಟ್ ಫಂಡಾದರೂ ಹರಾಜಿನಲ್ಲಿ ಬೇಗ ಎತ್ತುವವರು ಬಿಟ್ಟುಕೊಡುವುದು ದೊಡ್ಡ ಮೊತ್ತ. ತುರ್ತಿನಲ್ಲಿ ಎತ್ತುವವರೇ ನೀವಾಗಿರುತ್ತೀರಿ.

ಅದೂ ಇಲ್ಲದೆ ಸಾಲವೇ ಗತಿಯಾದರೆ ಒಂದು ಲೆಕ್ಕ. ತಿಂಗಳಿಗೆ "ನೂರಕ್ಕೆ ಮೂರು ರೂಪಾಯಿ" ಅನ್ನುವ ಕೈಸಾಲದ ಬಡ್ಡಿ ವರ್ಷಕ್ಕೆ ಶೇ 36. ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡರೂ ಹೆಚ್ಚುಕಡಿಮೆ ಅಷ್ಟೇ, ಕೆಲವದ್ದು ಇನ್ನೂ ಮೇಲೆ. ಬೀರುವಿನ ಚಿನ್ನವನ್ನು ಬ್ಯಾಂಕಿನಲ್ಲಿ ಅಡ ಇಟ್ಟರೆ ಆ ಬಡ್ಡಿಯ ಮೂರನೇ ಒಂದು ಭಾಗದ ಆಸುಪಾಸಿಗೆ ಸಾಲ ಸಿಗುತ್ತದೆ. ಒಡವೆ ಅಡ ಇಡುವುದು ಅವಮಾನ ಅಂತ ಮೀಟರ್ ಬಡ್ಡಿಗೆ ಹೋಗುವವರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಒಂದು ಸಣ್ಣ ಕೆಲಸ, ಇವತ್ತೇ ಆಗುವಂಥದ್ದು. ಮನೆಯಲ್ಲಿ ಪ್ರತಿಯೊಬ್ಬರು ನುಂಗುವ ಮಾತ್ರೆ ಪಟ್ಟಿಯ ಫೋಟೋ, ಸಾಲ್ಟ್ ಹೆಸರು ಕಾಣುವ ಹಾಗೆ, ಮಗನ ಮೊಬೈಲಿನಲ್ಲೂ ಸೊಸೆಯ ಮೊಬೈಲಿನಲ್ಲೂ ಇರಲಿ. ಪಾಲಿಸಿ ನಂಬರು, ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಒಂದೇ ಕವರಿನಲ್ಲಿ ಹಾಕಿ. ಖಾತೆಗಳಿಗೆ ನಾಮಿನಿ ಯಾರ ಹೆಸರಿದೆ ಅಂತ ಪಾಸ್‌ಬುಕ್ ತೆಗೆದು ನೋಡಿ. ತೀರಿಹೋದ ತಂದೆಯ ಹೆಸರೇ ಇನ್ನೂ ಇದ್ದರೆ ಬ್ಯಾಂಕಿಗೆ ಹೋಗಿ ಒಂದು ಫಾರಂ ತುಂಬಿ ಬನ್ನಿ.