ಶಾಲಾ ವೋಚರ್ ಯೋಜನೆಯ ಲೆಕ್ಕ ಬಿಡಿಸಿ ನೋಡುವುದು ಹೇಗೆ

ಮಗುವಿನ ಓದಿಗೆಂದು ಸರ್ಕಾರ ಕೊಡುವ ಹಣವನ್ನು ಪೋಷಕರು ತಾವು ಆರಿಸಿದ ಖಾಸಗಿ ಶಾಲೆಗೆ ಒಯ್ಯಬಹುದಾದ ಏರ್ಪಾಡೇ ವೋಚರ್. ಅಮೆರಿಕದ ಮಿಲ್ವಾಕಿಯಲ್ಲಿ 1990ರಲ್ಲಿ ಬಡ ಕುಟುಂಬಗಳಿಗಷ್ಟೇ ಶುರುವಾದ ಈ ವಿಚಾರ, 2022ರಲ್ಲಿ ಅರಿಜೋನಾದಲ್ಲಿ ಪೋಷಕರ ಖಾತೆಗೆ ಹಣ ಹಾಕುವ ರೂಪ ತಾಳಿ ಎಲ್ಲ ಮಕ್ಕಳಿಗೂ ವಿಸ್ತರಿಸಿತು. ಇಂಥ ಮಸೂದೆ ಕೈಗೆ ಸಿಕ್ಕರೆ ಭಾಷಣದ ಭಾಗ ಬಿಟ್ಟು ನೇರವಾಗಿ ಲೆಕ್ಕಕ್ಕೆ ಕೂರಿ.

ಮೊದಲು ಹುಡುಕಬೇಕಾದ್ದು, ಫಲಾನುಭವಿಗಳಲ್ಲಿ ಎಷ್ಟು ಮಕ್ಕಳು ನಿಜಕ್ಕೂ ಸರ್ಕಾರಿ ಶಾಲೆ ಬಿಟ್ಟು ಬರುತ್ತಾರೆ ಎಂಬುದನ್ನು. ಈಗಾಗಲೇ ಖಾಸಗಿ ಶಾಲೆಯಲ್ಲಿರುವ ಮಗುವಿಗೆ ವೋಚರ್ ಕೊಟ್ಟರೆ ಬೊಕ್ಕಸಕ್ಕೆ ಅದು ಪೂರ್ತಿ ಹೊಸ ಖರ್ಚು. ಅರಿಜೋನಾದಲ್ಲಿ ಎಲ್ಲರಿಗೂ ತೆರೆದಾಗ ಮೊದಲ ಸುತ್ತಿನ ಅರ್ಜಿದಾರರಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳು ಅದಕ್ಕೆ ಮುಂಚೆ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಇರಲೇ ಇಲ್ಲ. ಆದಾಯದ ಮಿತಿ, 'ಹಿಂದಿನ ವರ್ಷ ಸರ್ಕಾರಿ ಶಾಲೆಯಲ್ಲಿ ಓದಿರಬೇಕು' ಎಂಬ ಷರತ್ತು, ಇವೆರಡೂ ಮಸೂದೆಯಲ್ಲಿವೆಯೇ ನೋಡಿ. ಎರಡೂ ಇಲ್ಲದಿದ್ದರೆ ಅಂದಾಜು ವೆಚ್ಚವನ್ನು ನಂಬಬೇಡಿ.

ಮುಂದಿನದು ಉಳಿತಾಯದ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿಯೇ. ಒಂದು ಶಾಲೆಯಲ್ಲಿ 20 ತರಗತಿ, 500 ಮಕ್ಕಳು, ತಲಾ 10,000 ಡಾಲರ್ ಖರ್ಚು ಎಂದುಕೊಳ್ಳಿ. 25 ಮಕ್ಕಳು ಹೋದರು, ತಲಾ ಹಣವೂ ಅವರ ಜೊತೆಗೇ ಹೋಯಿತು ಎಂದರೆ ಶಾಲೆಗೆ 2,50,000 ಡಾಲರ್ ಖೋತಾ. ಆದರೆ ಅವರು ಒಂದೇ ತರಗತಿಯಿಂದ ಹೋಗುವುದಿಲ್ಲ, ಇಲ್ಲೊಬ್ಬ ಅಲ್ಲೊಬ್ಬಳು ಎನ್ನುವಂತೆ ಹೋಗುತ್ತಾರೆ. 25 ಮಕ್ಕಳಿದ್ದ ತರಗತಿಯಲ್ಲಿ 24 ಜನ ಉಳಿದರೂ ಶಿಕ್ಷಕಿ ಬೇಕೇ ಬೇಕು. ಬಸ್ಸು ಅದೇ ದಾರಿಯಲ್ಲಿ ಓಡಬೇಕು, ಸೋರುವ ಚಾವಣಿ ರಿಪೇರಿಯಾಗಲೇಬೇಕು. ಕಡಿಮೆಯಾಗುವುದು ಪುಸ್ತಕ, ಊಟದಂಥ ಬಾಬತ್ತು. ಅದು ತಲಾ 1,500 ಎಂದಿಟ್ಟರೂ ಉಳಿದದ್ದು 37,500. ಬಾಕಿ 2,12,500 ಡಾಲರ್ ಹೊರೆ ಅಲ್ಲೇ ಉಳಿದ 475 ಮಕ್ಕಳ ಮೇಲೆ ಬೀಳುತ್ತದೆ. ನಾಲ್ಕೈದು ವರ್ಷಗಳಲ್ಲಿ ತರಗತಿಗಳನ್ನು ಒಗ್ಗೂಡಿಸಿ ಇನ್ನಷ್ಟು ಉಳಿಸಬಹುದು, ನಿಜ. ಮೊದಲ ವರ್ಷವೇ ಅದು ಆಗುತ್ತದೆ ಎನ್ನುವ ಅಂದಾಜುಪಟ್ಟಿ ಮಾತ್ರ ತಪ್ಪು.

ಇದನ್ನು ಒಂದು ಸೂತ್ರಕ್ಕೆ ಇಳಿಸಬಹುದು: ವೋಚರ್ ಮೊತ್ತವನ್ನು ಒಂದು ಮಗು ಹೋದಾಗ ನಿಜವಾಗಿ ಉಳಿಯುವ ಹಣದಿಂದ ಭಾಗಿಸಿ. ವೋಚರ್ 7,000, ಉಳಿತಾಯ 10,000 ಎಂದಾದರೆ ಫಲಾನುಭವಿಗಳಲ್ಲಿ ಶೇ 70ರಷ್ಟು ಮಕ್ಕಳು ಸರ್ಕಾರಿ ಶಾಲೆಯಿಂದಲೇ ಬಂದರೆ ಲೆಕ್ಕ ಸರಿಸಮ. ಉಳಿತಾಯ 4,000 ಮಾತ್ರವಾದರೆ ಉತ್ತರ ಶೇ 175 ಬರುತ್ತದೆ. ಅಂದರೆ ಎಲ್ಲರೂ ಅಲ್ಲಿಂದಲೇ ಬಂದರೂ ನಷ್ಟ. 'ಬೊಕ್ಕಸಕ್ಕೆ ಲಾಭ' ಎನ್ನುವವರನ್ನು ಕೇಳಿ: ಭಾಗಿಸುವಾಗ ಕೆಳಗಿನ ಸಂಖ್ಯೆ ಯಾವುದು ಹಿಡಿದಿರಿ, ಸರಾಸರಿ ವೆಚ್ಚವೋ, ನಿಜವಾದ ಉಳಿತಾಯವೋ?

ನಿಯಮಗಳ ಭಾಗದಲ್ಲಿ ಮೂರು ಪ್ರಶ್ನೆ ಸಾಕು. ಶಾಲೆ ವೋಚರ್ ಮೇಲೆ ಹೆಚ್ಚುವರಿ ಶುಲ್ಕ ಕೇಳಬಹುದೇ? ಮಕ್ಕಳನ್ನು ತಾನೇ ಆರಿಸಿಕೊಳ್ಳಬಹುದೇ? ಲಾಭ ತೆಗೆಯಬಹುದೇ? 1981ರಲ್ಲಿ ವೋಚರ್ ತಂದ ಚಿಲಿ ಮುಂದೆ ಈ ಮೂರಕ್ಕೂ ಜಾಗ ಕೊಟ್ಟಿತು. ಉಳ್ಳವರ ಮಕ್ಕಳು ಒಂದು ಕಡೆ, ಇಲ್ಲದವರ ಮಕ್ಕಳು ಇನ್ನೊಂದು ಕಡೆ ಗುಂಪಾದರು. 2008ರಲ್ಲಿ ಬಡ ಮಕ್ಕಳಿಗೆ ಹೆಚ್ಚುವರಿ ಹಣ, 2015ರಲ್ಲಿ ಈ ಮೂರನ್ನೂ ಹಂತಹಂತವಾಗಿ ನಿಲ್ಲಿಸುವ ಕಾನೂನು ಬಂದವು. ಸ್ವೀಡನ್ ಶುಲ್ಕವನ್ನು ನಿಷೇಧಿಸಿ ಲಾಭಕ್ಕೆ ಅವಕಾಶ ಬಿಟ್ಟಿದೆ, ಅಲ್ಲಿನ ಜಗಳ ಈಗಲೂ ಅದರ ಸುತ್ತಲೇ. ಅಂಗವೈಕಲ್ಯವಿರುವ ಮಗುವಿನ ವಿಷಯ ಬೇರೆಯಾಗಿಯೇ ನೋಡಬೇಕು: ಅಮೆರಿಕದಲ್ಲಿ ಪೋಷಕರೇ ಖಾಸಗಿ ಶಾಲೆಗೆ ಸೇರಿಸಿದರೆ, ಸರ್ಕಾರಿ ಶಾಲೆಯಲ್ಲಿ ಕೇಂದ್ರ ಕಾನೂನಿನಡಿ ಆ ಮಗುವಿಗಿದ್ದ ವೈಯಕ್ತಿಕ ಸೇವೆಯ ಹಕ್ಕು ಜೊತೆಗೆ ಬರುವುದಿಲ್ಲ. ಸಹಿ ಹಾಕುವ ಮುಂಚೆ ಪೋಷಕರಿಗೆ ಇದು ಗೊತ್ತಿರಲೇಬೇಕು.

ಕೊನೆಯದಾಗಿ ತಲೆ ಎಣಿಕೆಯ ದಿನಾಂಕ, ಅಂದರೆ ಯಾವ ಶಾಲೆಗೆ ಎಷ್ಟು ಹಣ ಎಂದು ನಿರ್ಧರಿಸಲು ಮಕ್ಕಳನ್ನು ಎಣಿಸುವ ದಿನ, ನೋಡಿ. ಎಣಿಕೆಯ ದಿನ ಖಾಸಗಿ ಶಾಲೆಯಲ್ಲಿದ್ದ ಮಗು ನಡುವರ್ಷದಲ್ಲಿ ಸರ್ಕಾರಿ ಶಾಲೆಗೆ ಮರಳಿದರೆ, ಹಣವೂ ಉಳಿದ ತಿಂಗಳುಗಳ ಲೆಕ್ಕದಲ್ಲಿ ಹಿಂದೆ ಬರುತ್ತದೆಯೇ? ಮಸೂದೆಯಲ್ಲಿ ಆ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ತಿದ್ದುಪಡಿಗೆ ಲಿಖಿತವಾಗಿ ಒತ್ತಾಯಿಸಿ.